ಇಟಲಿಯವನು ಸಾಯಲೊಪ್ಪದ ಮಧ್ಯಾಹ್ನ

ಮುಕುಂದಯ್ಯನವರ ಬಾಯಿ ಮುಚ್ಚಿಸಲು ನಮ್ಮ ತಾಳಮದ್ದಳೆ ಸಂಘ ಕೊನೆಗೆ ಇಟಲಿಯವರೆಗೆ ಹೋಗಬೇಕಾಯಿತು.

ಭಾಗವತರು ಹಾಡಿದ ಪದ್ಯಕ್ಕೆ ಮಾತು ಕಟ್ಟುವುದರಲ್ಲಿ ಅವರು ದೊಡ್ಡ ಅರ್ಥಧಾರಿ, ನಾನು ಅಲ್ಲಗಳೆಯುವುದಿಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಬರೀ ಮಾತಿನಿಂದ ಸ್ವರ್ಗ ತೋರಿಸುತ್ತಾರೆ. ತೊಂದರೆಯೆಂದರೆ ಸ್ವರ್ಗದಿಂದ ವಾಪಸು ಕರೆತರುವುದಿಲ್ಲ. ಕೃಷ್ಣನ ಪಾತ್ರ ಕೊಟ್ಟರೆ ಸಂಧಾನ ಮುಗಿಯುವ ಹೊತ್ತಿಗೆ ಕೌರವರ ಕಡೆಯವರು ಊಟಕ್ಕೆ ಎದ್ದಿರುತ್ತಾರೆ. ಬೇಗ ಸಾಯಲಿ ಎಂದು ಒಮ್ಮೆ ಭೀಷ್ಮನ ಪಾತ್ರ ಕೊಟ್ಟೆವು. ಭೀಷ್ಮನಿಗೆ ಇಚ್ಛಾಮರಣದ ವರವಿದೆ ಎಂಬುದು ನಮಗೆ ಆಗ ಹೊಳೆಯಲಿಲ್ಲ.

ಇದರಲ್ಲಿ ಬಡವಾದ ಕೂಸು ಧನ್ಯಶ್ರೀ. ನಿಟ್ಟೂರು ಕಡೆ ದನದ ಡಾಕ್ಟರು. ತೀರ್ಥಹಳ್ಳಿಯ ಮುಕುಂದಯ್ಯನವರ ಮನೆಗೇ ವಾರ ವಾರ ಹೋಗಿ ಅರ್ಥಗಾರಿಕೆ ಕಲಿತವಳು. ಪ್ರತಿ ಸಲವೂ ಅವಳಿಗೆ ಕೊನೆಯ ಪಾತ್ರ. ಪ್ರತಿ ಸಲವೂ ಗುರುಗಳ ಮಾತಿನಲ್ಲೇ ಹೊತ್ತು ಮುಗಿದು, ಭಾಗವತರು ಮಂಗಳ ಹಾಡಿಬಿಡುತ್ತಿದ್ದರು. ಒಳ್ಳೆಯ ಸೀರೆ ಉಟ್ಟು ಬಂದು, ಕೈಕಟ್ಟಿ ಕೂತು, ಚಹಾ ಕುಡಿದು ಹೋಗುತ್ತಿದ್ದಳು.

"ನಟರಾಜಣ್ಣ, ಈ ಸಲನೂ ಹಂಗೇ ಆದ್ರೆ ನಾನು ಬಿಟ್ಬಿಡ್ತೀನಿ. ನನ್ ಮಾತು ಎಮ್ಮೆಗಳಾದ್ರೂ ಕೇಳ್ತಾವೆ," ಎಂದು ಕಾರ್ಯದರ್ಶಿಯಾದ ನನಗೆ ಹೇಳಿದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಆಗ ದೇವರು ಕಳಿಸಿದ ಹಾಗೆ ಬಂದವರು ಸಾಗರದ ಶ್ರೀರಂಗ ಮೇಷ್ಟ್ರು. ಇಟಲಿ ಪ್ರವಾಸ ಮುಗಿಸಿ, ಲೊರೆಂಜೊ ಬಾಲ್ದಿನಿ ಎಂಬ ಒಪೆರಾ ಸಂಗೀತಗಾರನ ಬದುಕನ್ನು ತಾಳಮದ್ದಳೆಗೆ ಪ್ರಸಂಗವಾಗಿ ಬರೆದು ತಂದಿದ್ದರು. ಒಪೆರಾ ಅಂದರೇನು ಎಂದು ಕೇಳಿದೆ. "ನಮ್ಮ ಯಕ್ಷಗಾನದ ಆಟನೇ ಕಣೋ. ಚಂಡೆ ಇಲ್ಲ, ಗಂಟಲು ಜಾಸ್ತಿ," ಎಂದರು. ಬಾಲ್ದಿನಿ ಬ್ರೆಡ್ಡು ಸುಡುವವನ ಮಗ. ಅವನ ಮೊದಲ ಒಪೆರಾಕ್ಕೆ ಜನ ಕೊಳೆತ ತರಕಾರಿ ಎಸೆದರು, ಎರಡನೆಯದಕ್ಕೆ ಹೂ ಎಸೆದರು. ಆಮೇಲೆಲ್ಲ ಮೆರವಣಿಗೆ, ಗಾಯಕಿಯರ ಜಗಳ, ಬೆಳೆಯುವ ಹೊಟ್ಟೆ. ಕೊನೆಯ ಒಪೆರಾ ಬರೆಯುತ್ತಾ, ಕಡೆಯ ಅಂಕ ಬಾಕಿಯಿರುವಾಗಲೇ ಸತ್ತ. ಅದನ್ನು ಅವನ ಶಿಷ್ಯೆ ಜೂಲಿಯಾ ಪೂರ್ತಿ ಮಾಡಿದಳು.

ಕಡೆಯ ಅಂಕಕ್ಕೆ ಮೊದಲೇ ಸಾಯುವ ನಾಯಕ! ನನಗೆ ಮೇಷ್ಟ್ರ ಕಾಲಿಗೆ ಬೀಳೋಣ ಅನ್ನಿಸಿತು. ಕೃಷ್ಣನನ್ನು ಬೇಗ ಮುಗಿಸಿದರೆ ಜನ ಬೈಯುತ್ತಾರೆ. ಇಟಲಿಯವನಿಗೆ ಇಲ್ಲಿ ನೆಂಟರಿಲ್ಲ. ಬಾಲ್ದಿನಿಯಾಗಿ ಮುಕುಂದಯ್ಯ, ಜೂಲಿಯಾ ಆಗಿ ಧನ್ಯಶ್ರೀ, ಸಾವನ್ನು ಸಾರುವ ವೈದ್ಯನಾಗಿ ನಾನು ಎಂದು ನಿಶ್ಚಯವಾಯಿತು.

ಭಾನುವಾರ ಮಧ್ಯಾಹ್ನ ಹೊಸನಗರದ ಸಭಾಭವನ ತುಂಬಿತ್ತು. ಸಂಜೆ ಅಲ್ಲೇ ಯಾರದೋ ನಿಶ್ಚಿತಾರ್ಥವಿದ್ದುದರಿಂದ ಹೊತ್ತು ಮೀರುವಂತಿರಲಿಲ್ಲ. ಮುಕುಂದಯ್ಯ ಬಾಲ್ದಿನಿಯ ಮೇಲೆ ಬಿದ್ದ ತರಕಾರಿಯನ್ನು ಮಾತಿನಲ್ಲೇ ಒಂದೊಂದಾಗಿ ಎತ್ತಿಕೊಂಡು ಅದರ ಗುಣಗಾನ ಮಾಡಿದರು. ಬದನೆಕಾಯಿಗೇ ಬಹಳ ಹೊತ್ತು ಹಿಡಿಯಿತು. ಜನ ಬಿದ್ದು ಬಿದ್ದು ನಕ್ಕರು. ಧನ್ಯಶ್ರೀ ಗಡಿಯಾರ ನೋಡಿದಳು.

ಅಂತೂ ಇಂತೂ ಭಾಗವತ ರಾಘವೇಂದ್ರ ಮರಣದ ಪದ್ಯ ಹಾಡಿದ. ನಾನು ನಾಡಿ ಹಿಡಿದೆ.

"ಬಾಲ್ದಿನಿಯವರೇ, ನಿಮ್ಮ ಆಯುಷ್ಯ ಮುಗಿಯಿತು."

"ವೈದ್ಯರೇ, ನೀವು ಹಿಡಿದದ್ದು ಎಡಗೈ. ಗಂಡಸಿನ ನಾಡಿ ನೋಡುವುದು ಬಲಗೈಯಲ್ಲಿ. ನಿಮಗೆ ಕಲಿಸಿದವರು ಯಾರು?"

ಸಭೆ ಚಪ್ಪಾಳೆ ತಟ್ಟಿತು. ನಾನು ಬಲಗೈ ಹಿಡಿದೆ. ಸತ್ತವನಿಗೆ ತಾನು ಸತ್ತದ್ದು ತಿಳಿಯುವುದುಂಟೇ ಎಂದು ಅವರು ಹೊಸ ತರ್ಕ ತೆಗೆದರು. ರಾಘವೇಂದ್ರ ಅದೇ ಪದ್ಯವನ್ನು ಮತ್ತೊಮ್ಮೆ ಹಾಡಿದ. ಆದರೂ ಸಾಯಲಿಲ್ಲ. ಬಾಗಿಲಲ್ಲಿ ನಿಶ್ಚಿತಾರ್ಥದವರ ಹೂವಿನ ಬುಟ್ಟಿಗಳು ಬಂದಿಳಿದವು. ನನಗೆ ಸಿಟ್ಟು ನೆತ್ತಿಗೇರಿ, ಅವರ ಕಿವಿಯ ಹತ್ತಿರ ಬಗ್ಗಿ, "ಸಾಯ್ರಿ ಮಾರಾಯ್ರೆ, ಕೈ ಮುಗಿತೀನಿ," ಎಂದೆ.

"ತಡಿಯೋ, ಈಗಷ್ಟೇ ರಂಗೇರ್ತಾ ಇದೆ," ಎಂದರು.

ಆಗ ಧನ್ಯಶ್ರೀ, ಭಾಗವತ ತನ್ನ ಪಾತ್ರದ ಪದ್ಯ ಹಾಡುವುದಕ್ಕೂ ಕಾಯದೆ, ಬಾಯಿ ತೆರೆದಳು.

"ಗುರುಗಳೇ, ನಾನು ಜೂಲಿಯಾ. ನಿಮ್ಮ ತಿಥಿಯ ಊಟ ಮುಗಿಸಿ ಬರುತ್ತಿದ್ದೇನೆ. ನೀವಿನ್ನೂ ಇಲ್ಲೇ ಇದ್ದೀರಾ?"

ಭವನದ ಮಾಡು ಹಾರಿಹೋಗುವಷ್ಟು ನಗು. ಮುಕುಂದಯ್ಯನವರ ಕಣ್ಣು ಹೊಳೆಯಿತು. ಎಷ್ಟೋ ವರ್ಷದ ಮೇಲೆ ಅವರಿಗೆ ಎದುರಾಳಿ ಸಿಕ್ಕಿದ್ದಳು.

"ಊಟವನ್ನೂ ಮುಗಿಸಿದೆಯಾ, ಮಗಳೇ? ಹಾಗಾದರೆ ಹೇಳು, ನಾನು ಸತ್ತದ್ದರಿಂದ ನಿನಗೆ ನಷ್ಟವಾಯಿತೋ, ಇಲ್ಲವೋ?"

ಇದು ಬಲೆ. ನಷ್ಟವಾಯಿತು ಎಂದರೆ, ನಿನಗೋಸ್ಕರ ಬದುಕುತ್ತೇನೆ ಎನ್ನುತ್ತಾರೆ. ಇಲ್ಲ ಎಂದರೆ, ಗುರುದ್ರೋಹಿ ಎಂದು ಶುರುಮಾಡುತ್ತಾರೆ. ಇವಳ ಕಥೆ ಮುಗಿಯಿತು ಎಂದುಕೊಂಡೆ.

ಧನ್ಯಶ್ರೀ ಗುರುಗಳ ಕಡೆಗೇ ತಿರುಗಿ ಕೂತಳು.

"ಲಾಭವೇ ಆಯಿತು, ಗುರುಗಳೇ. ನೀವಿದ್ದಷ್ಟು ದಿನ ನನ್ನ ಒಂದು ಸ್ವರವೂ ಸಭೆಗೆ ಕೇಳಲಿಲ್ಲ. ಇನ್ನು ಕೇಳುತ್ತದೆ. ಆದರೆ ನಾನು ಕಲಿತದ್ದು ಸಭೆಗೆ ಕೇಳಿಸಲಿಕ್ಕಲ್ಲ, ನಿಮಗೆ ಕೇಳಿಸಲಿಕ್ಕೆ. ಈಗ ಸಭೆ ಇದೆ, ನೀವಿಲ್ಲ. ನಷ್ಟ ಅದೊಂದೇ."

ಅವಳ ದನಿ ಅದುರಿತು. ಅದು ಜೂಲಿಯಾಳ ದನಿಯಾಗಿರಲಿಲ್ಲ.

ಯಾರೂ ನಗಲಿಲ್ಲ. ಮುಕುಂದಯ್ಯ ಬಾಯಿ ತೆರೆದರು. ಅವರಲ್ಲಿ ಉತ್ತರವಿತ್ತು, ಆಣೆಯಿಟ್ಟು ಹೇಳುತ್ತೇನೆ; ತೋರುಬೆರಳು ಆಗಲೇ ಮೇಲೆದ್ದಿತ್ತು. ಅವಳ ಮುಖ ನೋಡಿದರು, ಬೆರಳು ಇಳಿಸಿದರು. ತಮ್ಮ ಮುಂದಿದ್ದ ಮೈಕನ್ನು ಅವಳ ಕಡೆ ಸರಿಸಿ, ಕಣ್ಣು ಮುಚ್ಚಿ, ಸತ್ತರು.

ಧನ್ಯಶ್ರೀ ಕಡೆಯ ಅಂಕ ಶುರುಮಾಡಿದಳು. ಸತ್ತವರು ಅಲುಗಬಾರದೆಂದು ನಾನು ಮುಕುಂದಯ್ಯನವರ ತೊಡೆ ಚಿವುಟಿದೆ, ಎರಡು ಸಲ ಚಿವುಟಿದೆ. ಹೆಣ ತಲೆದೂಗುವುದನ್ನು ಬಿಡಲೇ ಇಲ್ಲ.