ಶರಣಮ್ಮನ ಎದೆಯ ಗಂಟು

ನಮ್ಮ ಬಿ.ಟಿ.ಎಂ. ವಠಾರದಲ್ಲಿ ಯಾರ ಮನೆಯ ಕುಕ್ಕರ್ ಕೂಗಿದರೂ ಎಲ್ಲರಿಗೂ ಕೇಳುತ್ತದೆ. ಪಕ್ಕದ ಮನೆಯ ಶರಣಮ್ಮ ಹೆದರಿ ಅಳುತ್ತಿದ್ದದ್ದು ಮಾತ್ರ ಯಾರಿಗೂ ಕೇಳಲಿಲ್ಲ. ರಾಯಚೂರು ಕಡೆಯವಳು, ಬೆಂಗಳೂರಿಗೆ ಹೊಸಬಳು. ಗಂಡ ಸಿದ್ದಾರೂಢ ಬೆಳಿಗ್ಗೆ ಆಫೀಸಿಗೆ ಹೋದರೆ ಕತ್ತಲಾದ ಮೇಲೇ ಬರುವುದು. ಊರಲ್ಲಾದರೆ ಅವಳ ಅಕ್ಕ ಇದ್ದಳು, ಇಲ್ಲಿ ಯಾರಿದ್ದಾರೆ?

ಒಂದು ಮಧ್ಯಾಹ್ನ ಹೆಪ್ಪಿಗೆ ಮೊಸರು ಕೇಳಲು ಬಂದವಳು ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಳು.

"ಸರ್ವಮಂಗಳಕ್ಕಾರ, ಎದಿಯಾಗ ಒಂದು ಗಂಟು ಆಗ್ಯದ್ರಿ. ಮಕ್ಕೊಂಡಾಗ ಕರಡಿಗಿ ಒತ್ತಿ ಆಗಿರ್ಬೇಕು ಅಂತ ಬಿಟ್ಟಿದ್ದೆ." ಲಿಂಗವಿಟ್ಟ ಬೆಳ್ಳಿ ಕರಡಿಗೆ ಅವಳ ಕೊರಳಲ್ಲಿ ಸದಾ ಇರುತ್ತದೆ. "ದಾರ ಉದ್ದ ಮಾಡಿದೆ, ಎಣ್ಣಿ ಹಚ್ಚಿದೆ. ಕರಗವಲ್ದು."

"ನೋವಿದ್ಯಾ?"

"ಇಲ್ರಿ. ನೋವಿಲ್ಲಂದ್ರ ಏನೂ ಇಲ್ಲ, ಹೌದಲ್ರಿ?"

ನನಗೆ ಸಿಟ್ಟೇ ಬಂತು. "ಅಯ್ಯೋ ಪುಣ್ಯಾತ್ಗಿತ್ತಿ! ನೋವಿಲ್ಲ ಅಂತ ಸುಮ್ನೆ ಕೂತ್ಕೋಬಾರ್ದು ಕಣೇ. ನಡಿ, ಲೇಡಿ ಡಾಕ್ಟರ್‌ಗೆ ತೋರಿಸೋಣ."

"ಗಂಡಗ ಹೇಳಾಕ ನಾಚಿಕಿ. ಡಾಕ್ಟರ್ ಮುಂದ ಹೆಂಗ ಬಿಚ್ಚಲಿ? ಲಿಂಗ ತಗಿ ಅಂದ್ರ? ಅದನ್ನ ಮೈಮ್ಯಾಲಿಂದ ತಗಿಯಂಗಿಲ್ರಿ." ಅತ್ತೇಬಿಟ್ಟಳು.

ಮರುದಿನ ಕೈ ಹಿಡಿದು ಕರೆದುಕೊಂಡು ಹೋದೆ. ಪರದೆ ಎಳೆದರು, ನಾನು ಹೊರಗೆ ಕುಳಿತೆ.

"ತೆಗೀಬೇಡಿ, ಕೈಯಲ್ಲಿ ಹಿಡ್ಕೊಂಡಿರಿ" ಎಂದರಂತೆ ಡಾಕ್ಟರು. ಎದೆ, ಕಂಕುಳು ಎಲ್ಲ ಬೆರಳಿನಿಂದ ಒತ್ತಿ ನೋಡಿದರಂತೆ. ಇವಳು ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿದ್ದಳಂತೆ.

"ನಾಚಿಕಿಗೆ ಸತ್ತೇ ಹೋದ್ನಿ ಅನಿಸ್ತು. ಅಷ್ಟು ಒಂಟಿ ಅಂತ ಎಂದೂ ಅನಿಸಿದ್ದಿಲ್ರಿ" ಎಂದಳು ಹೊರಗೆ ಬಂದು. "ಆದ್ರ ಲಗೂನ ಮುಗೀತು."

ಆಮೇಲೆ ಸ್ಕ್ಯಾನಿಂಗ್, ಸೂಜಿ ಹಾಕಿ ಪರೀಕ್ಷೆ. ಫಲಿತಾಂಶ ಬಂದ ದಿನ ಸಿದ್ದಾರೂಢನನ್ನೂ ಕರೆಸಿದರು. "ಕ್ಯಾನ್ಸರ್ ಇದೆ. ಆದ್ರೆ ಚಿಕ್ಕದು, ಹರಡಿಲ್ಲ. ಬೇಗ ಬಂದಿದ್ದು ಒಳ್ಳೇದಾಯ್ತು, ಆಪರೇಷನ್ ಮಾಡೋಣ" ಎಂದರು ಡಾಕ್ಟರು.

ಸಿದ್ದಾರೂಢ ಅವಳ ಕಡೆ ತಿರುಗಿದ. "ನನಗ್ಯಾಕ ಹೇಳ್ಲಿಲ್ಲ?"

"ಯಾವಾಗ ಹೇಳ್ಬೇಕಿತ್ತು?" ಎಂದಳು ಶರಣಮ್ಮ.

ಅವನು ಅಲ್ಲೇ ಫೋನ್ ತೆಗೆದ. ಆಫೀಸಿಗೆ ರಜೆ ಹಾಕಿದ. ಸಂಜೆ ಊರಿಗೆ ಫೋನ್ ಮಾಡಿ ತನ್ನ ಅಕ್ಕನಿಗೂ, "ನಾಚಿಕಿ ಬಿಡು, ನೀನೂ ಒಮ್ಮೆ ತೋರಿಸ್ಕೋ" ಎಂದು ಹೇಳಿದ.

ಅಕ್ಕ ತಂಗಿಯರೇ, ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ, ನೋವಿಲ್ಲದಿದ್ದರೂ ತಡ ಮಾಡಬೇಡಿ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಅದನ್ನು ಹೇಳಬೇಕಾದವರು ಡಾಕ್ಟರು, ನೀವಲ್ಲ, ನಾನೂ ಅಲ್ಲ. ಒಬ್ಬರೇ ಹೋಗಲು ಭಯವಾದರೆ ಪಕ್ಕದ ಮನೆಯವರನ್ನು ಕರೆಯಿರಿ. ಅವರು ನಿಮ್ಮನ್ನು ಕರೆದರೆ, ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಹೊರಡಿ.