ಓಡದ ದಿನಗಳು

ಎಮ್ಮಿಗನೂರು ರಸ್ತೆಯ ಹತ್ತಿ ಜಿನ್ನಿಂಗ್ ಮಿಲ್ಲನ್ನು ದಾಟುವಷ್ಟರಲ್ಲಿ ಕೊಟ್ರೇಶನಿಗೆ ಹಿಂದಿನಿಂದ ಸ್ಕೂಟರಿನ ಸದ್ದು ಕೇಳಿಸಿತು. ಅದು ಮೌಲಾಲಿ ಮಾಸ್ತರರದೇ ಎಂಬುದು ತಿರುಗಿ ನೋಡದೆಯೇ ತಿಳಿಯಿತು. ಆದೋನಿಯಲ್ಲಿ ಹಾಗೆ ಕೆಮ್ಮುವ ಸ್ಕೂಟರು ಮತ್ತೊಂದಿರಲಿಲ್ಲ. ಅಡಗಿಕೊಳ್ಳೋಣವೆಂದರೆ ರಸ್ತೆಯ ಎರಡೂ ಕಡೆ ಬಟಾಬಯಲು. ಅವನು ಓಟವನ್ನು ಮೆಲ್ಲಗೆ ನಡಿಗೆಗೆ ಇಳಿಸಿ, ಗಾಳಿ ಕುಡಿಯಲು ಬಂದವನಂತೆ ಕೈ ಬೀಸತೊಡಗಿದ.

ಮಾಸ್ತರರು ಪಕ್ಕಕ್ಕೆ ಬಂದು ನಿಲ್ಲಿಸಿದರು. "ಹಾಲು ತರಾಕ ಹೋಗ್ಯಾನಂತ ನಿನ್ನ ಹೇಣ್ತಿ ಹೇಳಿದಳು. ಎಮ್ಮಿ ಎಮ್ಮಿಗನೂರಾಗ ಐತೇನು?"

ಮಾಸ್ತರರು ಹಿಂದಿನ ಸೀಟನ್ನು ತಟ್ಟಿ, "ಹತ್ತು" ಎಂದರು. ಹತ್ತಿದ.

ಕೊಟ್ರೇಶ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ವ್ಯಾಪಾರಿ. ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತೆಂದು ನಡೆಯಲು ಹೊರಟವನು, ಕಾಲೇಜು ಮೈದಾನದಲ್ಲಿ ನಿವೃತ್ತ ಡ್ರಿಲ್ ಮಾಸ್ತರ ಮೌಲಾಲಿಯವರ ಕಣ್ಣಿಗೆ ಬಿದ್ದು ಓಟಗಾರನಾಗಿದ್ದ. ಹೋದ ವರ್ಷ ಹೈದರಾಬಾದಿನ ಮ್ಯಾರಥಾನ್‌ಗೂ ಹೋಗಿದ್ದ. ಹಿಂದಿನ ದಿನದವರೆಗೂ ಬಿಡದೆ ಓಡಿ ಓಡಿ, ಪಂದ್ಯದ ದಿನ ಮುಕ್ಕಾಲು ದಾರಿಯಲ್ಲೇ ಕಾಲು ಸೆಟೆದು ಕುಸಿದು, ಆಂಬ್ಯುಲೆನ್ಸಿನಲ್ಲಿ ಬಂದಿದ್ದ. ಯಾರ್ಡಿನ ಹಮಾಲರು ಈಗಲೂ, ಸಾವ್ಕಾರ್ರು ಓಡ್ತ ಹೋದ್ರು, ಗಾಡ್ಯಾಗ ಬಂದ್ರು ಎಂದು ಅವನಿಗೆ ಕೇಳುವ ಹಾಗೆ ಹೇಳಿ ನಗುತ್ತಿದ್ದರು. ಈ ವರ್ಷ ಮತ್ತೆ ಹೆಸರು ಕೊಟ್ಟಿದ್ದ.

ಆಷಾಢದಲ್ಲಿ ಬಳ್ಳಾರಿಯ ಅರ್ಧ ಮ್ಯಾರಥಾನ್ ಚೆನ್ನಾಗಿಯೇ ಮುಗಿದಿತ್ತು. ಅಲ್ಲಿಂದ ಬಂದ ಮೇಲೆ ಮಾಸ್ತರರು ಕಟ್ಟುಪಾಡು ಹಾಕಿದರು: ಮೊದಲು ಆ ಓಟದ ದಣಿವು ಮೈಯಿಂದ ಪೂರ್ತಿ ಇಳಿಯಬೇಕು, ಆಮೇಲೂ ದಿನದಿನಕ್ಕೆ ಓಟ ಕಡಿಮೆಯಾಗಬೇಕು, ಕೊನೆಯ ವಾರಗಳಲ್ಲಿ ಕುಳಿತವನೇ ಮುಂದೆ ಓಡುವವನು. ಕೊಟ್ರೇಶನಿಗೆ ಈ ಮಾತಿನ ಮೇಲೆ ನಂಬಿಕೆಯೇ ಬರಲಿಲ್ಲ. ಸುಮ್ಮನಿದ್ದ ಪ್ರತಿ ದಿನವೂ ಗಳಿಸಿದ್ದ ಕಸುವು ತೂತುಬಿದ್ದ ಕೊಡದ ನೀರಿನಂತೆ ಸೋರಿಹೋಗುತ್ತಿದೆ ಅನಿಸುತ್ತಿತ್ತು. ಆ ಸಂಕಟಕ್ಕೆ ಅವನು ಅಟ್ಟ ಹತ್ತಿ ಹಳೆಯ ಪಾತ್ರೆಗಳನ್ನೆಲ್ಲ ಕೆಳಗಿಳಿಸಿದ, ಬೀರುವನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ತಳ್ಳಿದ, ಮರುದಿನ ವಾಪಸು ತಳ್ಳಿದ. ಹೆಂಡತಿ ಭುವನಾ ಊಟಕ್ಕೆ ಬಡಿಸುತ್ತ, ಈ ಮನೆಯಿಂದ ಒಂದೋ ನೀವು ಓಡಬೇಕು, ಇಲ್ಲ ನಾನು ಓಡಬೇಕು ಎಂದುಬಿಟ್ಟಿದ್ದಳು.

ಸ್ಕೂಟರು ಮನೆ ಮುಂದೆ ನಿಂತಿತು. ಕೊಟ್ರೇಶನ ತಾಯಿ ಪಂಪಮ್ಮ ಪಡಸಾಲೆಯಲ್ಲಿ ಅರಳೆಯ ಗುಡ್ಡೆ ಮುಂದಿಟ್ಟುಕೊಂಡು ಕುಳಿತಿದ್ದರು. ಶ್ರಾವಣಕ್ಕೆ ಉರುಕುಂದದ ಈರಣ್ಣಸ್ವಾಮಿಗೆ ಲಕ್ಷ ಬತ್ತಿ ಹಚ್ಚುವ ಹರಕೆ ಅವರದು. ಮಾಸ್ತರರು, ಶಾಲೆ ತಪ್ಪಿಸಿಕೊಂಡ ಹುಡುಗನನ್ನು ಒಪ್ಪಿಸುವವರಂತೆ ಹೇಳಿದರು: "ಅಮ್ಮಾರ, ಇವ ನನ್ನ ಮಾತು ಕೇಳಂಗಿಲ್ಲ. ನೀವಾ ಹಿಡಕೊಂಡು ಕುಂದ್ರಸ್ರಿ."

ಪಂಪಮ್ಮ ಗುಡ್ಡೆಯಲ್ಲಿ ಅರ್ಧವನ್ನು ಮಗನ ಕಡೆ ಸರಿಸಿದರು.

ವರ್ಷಗಟ್ಟಲೆ ಹತ್ತಿಯನ್ನು ಚಿವುಟಿ, ಎಳೆ ಎಳೆದು ನೋಡಿ ದರ ಹೇಳಿದ ಕೈ ಅದು. ಆದರೆ ಒಂದು ಬತ್ತಿಯನ್ನೂ ಹೊಸೆದಿರಲಿಲ್ಲ. ಮೊದಲನೆಯದು ಹೊಲದ ಹುಳುವಿನ ಹಾಗೆ ದಪ್ಪಗಾಯಿತು, ಎರಡನೆಯದು ನಡುವೆ ಹರಿಯಿತು. ಪಂಪಮ್ಮ ಎರಡನ್ನೂ ಮತ್ತೆ ಗುಡ್ಡೆಗೆ ಎಸೆದು, "ಜಗ್ಗಬ್ಯಾಡ. ಅದರಷ್ಟಕ್ಕ ಅದು ಬರ್ತೈತಿ" ಎಂದರು.

ಮೊದಲ ದಿನವೆಲ್ಲ ಅವನ ಮೊಣಕಾಲು ಸುಮ್ಮನೆ ಕುಣಿಯುತ್ತಲೇ ಇತ್ತು. ಅದನ್ನು ನೋಡಿ ಪಂಪಮ್ಮನಿಗೆ ನಗು ಬಂತು. ಅವನಪ್ಪ ಮರಿಬಸಪ್ಪನೂ ಹೀಗೆಯೇ ಇದ್ದರಂತೆ. ಮದುವೆಯ ದಿನ ಹಂದರದಿಂದ ಎದ್ದುಹೋಗಿ ಲಾರಿಗೆ ಹತ್ತಿಯ ಅಂಡಿಗೆಗಳನ್ನು ಏರಿಸಿ ಬಂದರಂತೆ. ಊಟಕ್ಕೆ ಕುಳಿತರೂ ಒಂದು ಕಾಲು ಬಾಗಿಲ ಕಡೆಗೇ.

"ಒಂದ ಸಲ ರಾಯಚೂರು ಟೇಷನ್ನಾಗ ರೈಲು ದಿನಪೂರ್ತಿ ತಡಾ ಆತು," ಎಂದರು ಪಂಪಮ್ಮ, ಕೈ ನಿಲ್ಲಿಸದೆ. "ಎಲ್ಲಿ ಹೋಗ್ತಾರ? ನನ್ನ ಬಾಜೂಕ ಕುಂತ್ರು. ನೀ ಬೀಸಾಕ ಕುಂತಾಗ ಹಾಡ್ತೀಯಲ್ಲ, ಛಲೋ ಇರ್ತೈತಿ ಅಂದ್ರು. ಲಗ್ನಾಗಿ ಹನ್ನೆರಡು ವರ್ಷಕ್ಕ. ಆಮ್ಯಾಲ ಎಲ್ಲಿಗಾದ್ರೂ ಹೊಂಟಾಗೆಲ್ಲ, ದೇವ್ರೇ ರೈಲು ತಡಾ ಆಗ್ಲಿ ಅಂತಿದ್ನೆಪ್ಪ."

"ಆತೇನು?"

"ಎಲ್ಲೀದು. ಎಲ್ಲಾ ಟೈಮಿಗೆ ಬರ್ತಿದ್ವು."

ತಾಯಿ ನಕ್ಕರು, ಅವನೂ ನಕ್ಕ. ಅಪ್ಪ ಹೋದ ಮೇಲೆ ಅವ್ವನ ಜೊತೆ ತಾನು ಇಷ್ಟು ಹೊತ್ತು ಒಂದೇ ಕಡೆ ಕುಳಿತದ್ದು ಯಾವಾಗ ಎಂದು ಯೋಚಿಸಿದ; ನೆನಪಾಗಲಿಲ್ಲ.

ಅಲ್ಲಿಂದ ಮುಂದೆ ಯಾರೂ ಹಿಡಿದು ಕೂರಿಸಬೇಕಾಗಲಿಲ್ಲ. ಯಾರ್ಡಿನಿಂದ ಬೇಗ ಬಂದು ಕಾಲು ತೊಳೆದು ತಾನಾಗಿಯೇ ಕೂರುತ್ತಿದ್ದ. ಭುವನಾಳೂ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಬಂದು ಕೂತು, ಗಂಡನ ಬತ್ತಿಗಳಿಗೆ ಹೆಸರಿಡುತ್ತಿದ್ದಳು. ಬೆಳಿಗ್ಗೆ ಮೈದಾನದಲ್ಲಿ ಮಾಸ್ತರರು ಕೊಟ್ಟ ಒಂದೆರಡು ಸುತ್ತು ಮುಗಿಸುವಷ್ಟರಲ್ಲಿ ಅವನ ಕಾಲುಗಳು, ಕಟ್ಟಿಹಾಕಿದ ಕರುವಿನ ಹಾಗೆ ಇನ್ನೂ ಬೇಕೆಂದು ಎಳೆಯುತ್ತಿದ್ದವು. ಅವನು ಶೂ ಬಿಚ್ಚಿ ಮನೆಗೆ ಬರುತ್ತಿದ್ದ.

ಹೈದರಾಬಾದಿನಲ್ಲಿ ಮೋಡ ಮುಸುಕಿದ ಬೆಳಗು. ಹೋದ ವರ್ಷ ಕುಸಿದ ಜಾಗವನ್ನು ಅವನು ದೂರದಿಂದಲೇ ಗುರುತು ಹಿಡಿದ: ಫ್ಲೈಓವರಿನ ಏರು, ಪಕ್ಕದಲ್ಲಿ ಒಂದು ಬೇವಿನಮರ. ಬೇಗ ದಾಟಿಬಿಡೋಣ ಎಂದು ಕಾಲುಗಳು ಅವಸರಿಸಿದವು. ಅವನು ಅವಸರಿಸಲಿಲ್ಲ. ಏರು ಅದರಷ್ಟಕ್ಕೆ ಬಂತು, ಅದರಷ್ಟಕ್ಕೆ ಹೋಯಿತು. ಕೊನೆಯಲ್ಲಿ ಸ್ವಲ್ಪ ನಡೆದ, ಸ್ವಲ್ಪ ಕುಂಟಿದ, ಗೆರೆಯನ್ನಂತೂ ಓಡಿಯೇ ದಾಟಿದ. ಅವನಿಗೆಂದು ಬಾಳೆಹಣ್ಣು ಹಿಡಿದು ಕಾದಿದ್ದ ಮೌಲಾಲಿ ಮಾಸ್ತರರು, ಆತಂಕದಲ್ಲಿ ಒಂದೊಂದಾಗಿ ಅಷ್ಟನ್ನೂ ತಾವೇ ತಿಂದು, ಬರಿಯ ಸಿಪ್ಪೆ ಹಿಡಿದು ನಿಂತಿದ್ದರು.

ಮನೆಗೆ ಫೋನು ಮಾಡಿದಾಗ ಪಂಪಮ್ಮ ಮೊದಲು ಕೇಳಿದ್ದು, "ಗಾಡ್ಯಾಗ ಬಂದೀಯೇನೋ?"

"ಇಲ್ಲಬೇ. ಕಾಲಿಲೇ ಬಂದೆ."

ಅದೇ ರಾತ್ರಿ ಊರು ಸೇರಿ, ಮರುದಿನ ಬೆಳಿಗ್ಗೆ ಮನೆಯ ಮಾಳಿಗೆಯ ಕೋಣೆಯಲ್ಲಿ ಎದ್ದವನಿಗೆ ಮೆಟ್ಟಿಲು ಇಳಿಯುವುದೇ ದೊಡ್ಡ ಕೆಲಸವಾಯಿತು. ತೊಡೆಗಳು ಕಲ್ಲಾಗಿದ್ದವು. ಗೋಡೆ ಹಿಡಿದು, ಅಡ್ಡಡ್ಡ ತಿರುಗಿ, ಒಂದು ಮೆಟ್ಟಿಲಿಗೆ ಎರಡೂ ಪಾದ ಊರಿ ಮುಂದಿನದಕ್ಕೆ ಕಾಲು ಚಾಚಬೇಕು. ಮೂರು ಮೆಟ್ಟಿಲು ಕೆಳಗೆ ಪಂಪಮ್ಮ, ಮಾಳಿಗೆಯ ತುಳಸಿಗೆ ನೀರು ಹಾಕಿ, ಇಳಿಯುತ್ತಿದ್ದರು. ಅವರೂ ಗೋಡೆ ಹಿಡಿದು, ಅಡ್ಡಡ್ಡ ತಿರುಗಿ, ಒಂದೊಂದರ ಮೇಲೆ ಎರಡೂ ಪಾದ ಊರಿ, ದಿನಾ ಇಳಿಯುವ ಹಾಗೆ. ಮೇಲೆ ನೋಡಿ ನಿಂತರು. ಆಮೇಲೆ ಒಂದು ಕೈಯನ್ನು ಹಿಂದಕ್ಕೆ ಚಾಚಿದರು. ಅವನು ಹಿಡಿದುಕೊಂಡ.

ಕೆಳಗೆ ಚಾ ಹಿಡಿದು ಬಂದ ಭುವನಾ, ತಲೆಯೆತ್ತಿ ಒಂದು ಗಳಿಗೆ ನೋಡಿ, ಕೊನೆಯ ಮೆಟ್ಟಿಲ ಮೇಲೆ ಲೋಟಗಳನ್ನಿಟ್ಟುಕೊಂಡು ಕುಳಿತಳು.