ಅಟ್ಟದ ಮೇಲಿನ ಮುಯ್ಯಿ

ಅಟ್ಟದಿಂದ ಇಳಿಸಿದ ಸ್ಟೀಲ್ ಪಾತ್ರೆಗಳನ್ನು ಎಣಿಸಿದರೆ ನೂರಾ ಎಂಬತ್ತಾರು. ಮನೆಯಲ್ಲಿ ಇರುವವರು ಇಬ್ಬರು, ನಾನು ಮತ್ತು ನನ್ನ ಗಂಡ ಮಾರುತಿ. ಇಬ್ಬರಿಗೆ ಇಪ್ಪತ್ತೆರಡು ಕೊಳಗ ಯಾವ ದಾಸೋಹಕ್ಕೆ ಬೇಕಿತ್ತೋ ದೇವರಿಗೇ ಗೊತ್ತು. ಎಲ್ಲವೂ ಮುಯ್ಯಿ. ಹತ್ತೊಂಬತ್ತು ವರ್ಷದ ಹಿಂದೆ ಚಿತ್ರದುರ್ಗದ ಈ ಮನೆಯ ಗೃಹಪ್ರವೇಶಕ್ಕೆ ಬಂದ ನೆಂಟರು ಕೊಟ್ಟಿದ್ದು. ಒಂದೊಂದರ ಮೇಲೂ ಕೊಟ್ಟವರ ಹೆಸರು, ಊರು, ತಾರೀಕು ಕೆತ್ತಿದೆ. ಅದರ ಕೆಳಗೆ 'ಮಾರುತಿಯವರ ಗೃಹಪ್ರವೇಶಕ್ಕೆ' ಎಂದಿದೆ. ಮನೆ ಇರುವುದು ನನ್ನ ಹೆಸರಿನಲ್ಲಿ, ಸಾಲ ತೀರಿಸಿದ್ದು ನನ್ನ ಸಂಬಳ. ಪಾತ್ರೆಗಳ ಮೇಲೆ ಮಾತ್ರ ನಾನಿಲ್ಲ.

ನಾನು ಯಮುನಾ. ಹೊಳಲ್ಕೆರೆಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಸ್ಟಾಫ್ ನರ್ಸ್. ನಿಂತು ನಿಂತು ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿವೆ. ಅರವತ್ತರವರೆಗೆ ಕಾಯಲಾರೆ, ಐವತ್ತಮೂರಕ್ಕೇ ಸಾಕು ಎಂದು ಸ್ವಯಂ ನಿವೃತ್ತಿಗೆ ಮೂರು ತಿಂಗಳ ನೋಟಿಸ್ ಕೊಟ್ಟೆ. ಆರು ಕೋಣೆಯ ಈ ಮನೆಯನ್ನು ಮಾರಲು ಮಾತಾಯಿತು. ಹಿರಿಯೂರಿನಲ್ಲಿ ಎರಡು ಕೋಣೆಯ ಮನೆ ನೋಡಿಕೊಂಡೆ. ನೋಟಿಸ್ ಮುಗಿಯಲು ಇನ್ನು ಹನ್ನೆರಡು ದಿನ ಉಳಿದಿದ್ದವು. ಸಾಮಾನು ಕಟ್ಟಲು ಒಂದು ವಾರ ರಜೆ ಹಾಕಿದ್ದೆ. ನನಗೆ ಬೇಕಾದದ್ದು ಇಷ್ಟೇ, ರಾತ್ರಿ ಮಲಗಿ ಬೆಳಗ್ಗೆ ಏಳುವುದು.

ಪಿಂಚಣಿಯಲ್ಲಿ ಬದುಕುವುದು ಹೇಗೆಂದು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ಹಾಲು, ಕರೆಂಟು, ಗ್ಯಾಸು, ಮಾತ್ರೆ. ಕೊನೆಯಲ್ಲಿ ಮುಯ್ಯಿ ಎಂದು ಬರೆದು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದೆ. ಹೋದ ವರ್ಷ ಗ್ಯಾಸು, ಮಾತ್ರೆ ಎರಡೂ ಸೇರಿ ತಿಂದದ್ದಕ್ಕಿಂತ ಹೆಚ್ಚು ಮುಯ್ಯಿ ತಿಂದಿತ್ತು. ಮಾರುತಿ ಹಾಳೆ ನೋಡಿ ತಲೆ ಆಡಿಸಿದರು. ಅವರ ಫೋಟೋ ಸ್ಟುಡಿಯೋ ಮುಚ್ಚಿ ಹನ್ನೊಂದು ವರ್ಷವಾಯಿತು. ಅಂದಿನಿಂದ ನಾನು ಏನು ಹೇಳಿದರೂ ತಲೆ ಆಡಿಸುತ್ತಾರೆ, ತಮ್ಮ ಅಕ್ಕ ಏನು ಹೇಳಿದರೂ ತಲೆ ಆಡಿಸುತ್ತಾರೆ.

ಆ ಗುರುವಾರ ಬೆಳಗ್ಗೆ ಪಾತ್ರೆ ಅಂಗಡಿಯ ಚಿಕ್ಕತಿಮ್ಮಪ್ಪ ತಕ್ಕಡಿ ಸಮೇತ ಟೆಂಪೋ ತಂದ. ಹೊಸ ಪಾತ್ರೆ ಮಾರಿ ಹೆಸರು ಕೆತ್ತಿಕೊಡುವವನೂ ಅವನೇ, ಹಳೆಯದನ್ನು ತೂಕಕ್ಕೆ ಕೊಳ್ಳುವವನೂ ಅವನೇ. ಅವನ ಹಿಂದೆಯೇ ಮಾರುತಿಯ ಅಕ್ಕ ಕೊಟ್ರಮ್ಮ ಭೀಮಸಮುದ್ರದ ಮೊದಲ ಬಸ್ಸಿಗೆ ಬಂದಿಳಿದರು. ಸಾಮಾನು ಕಟ್ಟಲು ಸಹಾಯಕ್ಕಂತೆ. ಬಂದವರು ಅಂಗಳದ ಕುರ್ಚಿಯಲ್ಲಿ ಕೂತು ಕಾಫಿ ಕೇಳಿದರು. ಅದೇ ಸಹಾಯ.

ತಕ್ಕಡಿ ನೋಡಿದ್ದೇ ಅವರ ಮುಖ ಕೆಂಪಾಯಿತು. "ಏನವ್ವ ಯಮುನಾ, ಹೆಸರಿರೋ ಪಾತ್ರೆ ತೂಕಕ್ಕೆ ಹಾಕ್ತೀಯ? ಮುಯ್ಯಿ ಮಾರಿದ್ರೆ ಕೊಟ್ಟೋರ್ನ ಮಾರಿದಂಗೆ."

"ಹಂಗಾದ್ರೆ ಕೊಟ್ಟೋರಿಗೇ ಕೊಡ್ತೀನಿ ಅತ್ತಿಗೆ. ನಿಮ್ಮ ಕೊಳಗ ಇಲ್ಲೇ ಐತೆ, ತಗಂಡೋಗ್ರಿ."

"ಮುಯ್ಯಿ ಹಂಗೇ ವಾಪಸ್ ಕೊಟ್ರೆ ಸಂಬಂಧ ಹರ್ಕಂಡಂಗೆ, ಅಷ್ಟೂ ಗೊತ್ತಿಲ್ವ ನಿನಗೆ? ಮುಯ್ಯಿನ ಮುಯ್ಯಿಂದಲೇ ತೀರಿಸ್ಬೇಕು. ಮದುವೇಲಿ ನಾಲ್ಕು ಜನದ ಮುಂದೆ ಓದಿಸ್ಬೇಕು."

ಗೊತ್ತಿಲ್ಲದೆ ಏನು. ನಮ್ಮ ಕಡೆ ಮದುವೆಯಲ್ಲಿ ಒಬ್ಬ ಮೈಕ್ ಹಿಡಿದು ಕೂರುತ್ತಾನೆ. ಯಾರು ಏನು ಕೊಟ್ಟರೆಂದು ಊರಿಗೆಲ್ಲ ಕೇಳುವಂತೆ ಓದುತ್ತಾನೆ. ನೀನು ಲೋಟ ಕೊಟ್ಟರೆ ಅವರು ಚೊಂಬು ಕೊಡಬೇಕು, ಅವರು ಚೊಂಬು ಕೊಟ್ಟರೆ ನೀನು ಕೊಡ ಕೊಡಬೇಕು. ಕೊಟ್ರಮ್ಮನ ಈ ಒಂದು ಕೊಳಗಕ್ಕೆ ಅವರ ಮಗನ ಮದುವೆಗೆ ಉಂಗುರ, ಗೃಹಪ್ರವೇಶಕ್ಕೆ ಮಿಕ್ಸಿ, ಮೊಮ್ಮಗಳ ನಾಮಕರಣಕ್ಕೆ ಬೆಳ್ಳಿ ಗೆಜ್ಜೆ ಕೊಟ್ಟಾಗಿತ್ತು. ಆದರೂ ಅವರ ಲೆಕ್ಕದಲ್ಲಿ ಕೊಳಗ ಇನ್ನೂ ತೀರಿರಲಿಲ್ಲ.

ಕಾಫಿ ಮುಗಿಸಿ ಅವರು ಸ್ವಲ್ಪ ಮೆತ್ತಗಾದರು. "ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲಲ್ಲ ಅಂತಾರೆ. ಹೆಂಗೋ ನಿನಗೂ ಬುದ್ಧಿ ಬಂತು ಬಿಡು. ಇನ್ನೆರಡು ವರ್ಷ ಕೆಲಸ ಮಾಡ್ತೀಯಂತೆ, ಮಾರುತಿ ಹೇಳಿದ. ನಮ್ಮ ದೀಪಾ ಮದುವೆಗೆ ಸೋದರಮಾವ ಅಂತ ಬೀರು, ಫ್ರಿಜ್ಜು ಬುಕ್ ಮಾಡಿದಾನೆ. ಬೀರು ಮೇಲೆ ನಿಮ್ಮಿಬ್ರ ಹೆಸರೂ ಬರ್ಸಿದಾನೆ."

ಸಾಮಾನು ಕಟ್ಟುತ್ತಿದ್ದ ಮಾರುತಿ ಹಗ್ಗ ಕೆಳಗಿಟ್ಟರು.

"ಯಮುನಾ, ಒಳಗೆ ಬಾ, ಹೇಳ್ತೀನಿ," ಎಂದರು.

"ಇಲ್ಲೇ ಹೇಳ್ರಿ. ಅತ್ತಿಗೆಗೆ ಗೊತ್ತಿರೋದು ನನಗೂ ಗೊತ್ತಾಗ್ಲಿ."

ಹೇಳಿದರು. ಹೋದ ಭಾನುವಾರ ಮನೆ ಮಾರಾಟದ ಕಾಗದಕ್ಕೆಂದು ನನ್ನಿಂದ ಒಂಬತ್ತು ಸಹಿ ಹಾಕಿಸಿಕೊಂಡಿದ್ದರು. ಅದರಲ್ಲಿ ಒಂದು ಮನೆಯ ಕಾಗದವಲ್ಲ. 'ನನ್ನ ಸ್ವಯಂ ನಿವೃತ್ತಿಯ ಕೋರಿಕೆಯನ್ನು ಹಿಂಪಡೆಯುತ್ತಿದ್ದೇನೆ' ಎಂಬ ಅರ್ಜಿ. ಸೋಮವಾರ ಅವರೇ ಬಸ್ ಹತ್ತಿ ಹೋಗಿ ಆಸ್ಪತ್ರೆಯ ಆಫೀಸಿಗೆ ಕೊಟ್ಟು ಬಂದಿದ್ದರು. ಬೀರು, ಫ್ರಿಜ್ಜಿನ ಕಂತು ಕಟ್ಟಲು ನನ್ನ ಸಂಬಳ ಬೇಕಿತ್ತು.

"ಎರಡೇ ವರ್ಷ ಅಲ್ವ," ಎಂದರು ಮಾರುತಿ. "ನಮ್ಮ ಮರ್ಯಾದೆನೂ ನೋಡ್ಬೇಕಲ್ಲ."

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಪಿತ್ತ ನೆತ್ತಿಗೇರಿತು. ಅವರ ಮೇಲೆ ಬಂದಷ್ಟೇ ಸಿಟ್ಟು ನನ್ನ ಮೇಲೂ ಬಂತು. ಒಂದು ಇಂಜೆಕ್ಷನ್ ಕೊಡಲು ಚೀಟಿಯನ್ನು ಮೂರು ಸಲ ಓದುವವಳು ನಾನು. ಇಲ್ಲಿ ಹಾಕು, ಅಲ್ಲಿ ಹಾಕು ಎಂದು ಗಂಡ ಬೆರಳು ತೋರಿಸಿದಲ್ಲೆಲ್ಲ ಓದದೆ ಸಹಿ ಹಾಕಿದ್ದೆ. ಎರಡು ವರ್ಷವೆಂದರೆ ಎಷ್ಟು ರಾತ್ರಿ ಪಾಳಿ ಎಂದು ಆ ಮನುಷ್ಯ ಒಂದು ಸಲವಾದರೂ ಎಣಿಸಿದ್ದರೇ? ಮನೆಯಲ್ಲಿ ಹೊದ್ದು ಮಲಗಿದವರಿಗೆ ಎಣಿಸುವ ಕಷ್ಟ ಏಕೆ?

ಹೊಳಲ್ಕೆರೆಗೆ ಫೋನ್ ಮಾಡಿದೆ. ಆಫೀಸಿನ ಗುಮಾಸ್ತ ಕಾಟಯ್ಯ ಎತ್ತಿದ.

"ಹೌದು ಮೇಡಂ, ನಿಮ್ಮ ಯಜಮಾನ್ರೇ ತಂದು ಕೊಟ್ರಲ್ಲ. ನಿಮ್ಮ ಸಹಿನೇ ಐತೆ. ಇವತ್ತು ಸಂಜೆ ಟಪಾಲಿಗೆ ಜಿಲ್ಲಾ ಆಫೀಸಿಗೆ ಹೋಗುತ್ತೆ."

"ಅದನ್ನ ಕಳಿಸಬೇಡ್ರಿ. ನಾನು ಬರ್ತಾ ಇದೀನಿ."

ಹೊರಡುವ ಮೊದಲು ಒಂದು ಕೆಲಸವಿತ್ತು. ರಾಶಿಯಿಂದ ಕೊಟ್ರಮ್ಮನ ಕೊಳಗ ಎಳೆದು ಚಿಕ್ಕತಿಮ್ಮಪ್ಪನ ಮುಂದೆ ಇಟ್ಟೆ. "ಹೆಸರು ಕೆತ್ತೋ ಮಿಷನ್ ತಂದಿದೀಯೇನಪ್ಪ?"

ಟೆಂಪೋದಲ್ಲೇ ಇತ್ತು. ಜಗುಲಿಯ ಪ್ಲಗ್ಗಿಗೆ ಚುಚ್ಚಿದ. ಬಾಯಲ್ಲಿ ಹೇಳಿದರೆ ಇವರೆಲ್ಲ ಕೇಳಿ ಗಲಾಟೆ ಎಬ್ಬಿಸಿಯಾರೆಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅವನು ಓದಿ ನನ್ನ ಮುಖ ನೋಡಿದ.

"ಇಷ್ಟೇನಾ ಅಕ್ಕ? ಅಣ್ಣಾವ್ರ..."

"ಬರೆದಷ್ಟೇ ಕೆತ್ತಪ್ಪ."

ಮಿಷನ್ ಗರಗರ ಎಂದಿತು. ಕೊಳಗವನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ಎರಡು ತಟ್ಟೆ, ಎರಡು ಲೋಟ ಬಿಟ್ಟು ಉಳಿದದ್ದೆಲ್ಲ ತೂಗು ಎಂದು ಚಿಕ್ಕತಿಮ್ಮಪ್ಪನಿಗೆ ಹೇಳಿದೆ. ಚೀಲ ಹಿಡಿದೇ ಬಸ್ ಹತ್ತಿದೆ.

ಕಾಟಯ್ಯ ಅರ್ಜಿಯನ್ನು ಎತ್ತಿಟ್ಟಿದ್ದ. ಓದಿದೆ. ಮೂರು ಸಲ ಓದಿದೆ. ಕೆಳಗಿದ್ದ ಸಹಿ ನನ್ನದೇ. ಅರ್ಜಿ ವಾಪಸ್ ಪಡೆದೆ, ಮೊದಲಿನ ನೋಟಿಸಿನಂತೆಯೇ ನಿವೃತ್ತಿ ಕೊಡಿ ಎಂದು ಅಲ್ಲೇ ಕೂತು ನನ್ನ ಕೈಯಲ್ಲೇ ಬರೆದು ಕೊಟ್ಟು ಮೊಹರು ಹಾಕಿಸಿದೆ. ಸಂಜೆ ಮನೆಗೆ ಬಂದರೆ ಮಾರುತಿ ಅಕ್ಕನ ಜೊತೆ ಭೀಮಸಮುದ್ರಕ್ಕೆ ಹೋಗಿದ್ದರು. ಸಿಟ್ಟು ಇಳಿಯಲಿ, ಆಮೇಲೆ ಬರುತ್ತೇನೆ ಎಂದು ಮೆಸೇಜ್ ಹಾಕಿದ್ದರು. ಇಳಿಯಲಿಲ್ಲ. ತಿಂಗಳ ಕೊನೆಗೆ ನಿವೃತ್ತಿಯಾದೆ, ಮನೆಯ ಬೀಗದ ಕೈ ಕೊಂಡವರಿಗೆ ಕೊಟ್ಟೆ, ಹಿರಿಯೂರಿಗೆ ಒಬ್ಬಳೇ ಹೋದೆ. ಮೊದಲ ಮೂರು ದಿನ ಬರೀ ನಿದ್ದೆ ಮಾಡಿದೆ.

ದೀಪಾಳ ಮದುವೆ ಮುಂದಿನ ತಿಂಗಳು. ಕರೆಯೋಲೆ ಬಂದಿತ್ತು, ಹೋದೆ. ಛತ್ರದ ಬಾಗಿಲಲ್ಲಿ ಬೀರು ನಿಂತಿತ್ತು. ಫ್ರಿಜ್ಜು ಇರಲಿಲ್ಲ. ಬೀರಿಗೆ ಮಾರುತಿ ತಮ್ಮ ಹಳೆಯ ಕ್ಯಾಮೆರಾ ಮಾರಿದರೆಂದು ಯಾರೋ ಹೇಳಿದರು. ಅದರ ಮೇಲೆ ನನ್ನ ಹೆಸರಿದ್ದ ಜಾಗದಲ್ಲಿ ಹಸಿ ಬಣ್ಣ ಬಳಿದಿತ್ತು.

ಮುಯ್ಯಿ ಓದುವವನ ಮೇಜಿನ ಮೇಲೆ ಚೀಲ ಬಿಚ್ಚಿ ಕೊಳಗ ಇಟ್ಟೆ. ಪಾಪ, ಅವನು ಕೆತ್ತಿದ್ದನ್ನೆಲ್ಲ ಮೇಲಿನಿಂದ ಕೆಳಗೆ ಮೈಕಿನಲ್ಲಿ ಓದಿಬಿಟ್ಟ.

"ಕೊಟ್ರಮ್ಮ, ಭೀಮಸಮುದ್ರ. ಮಾರುತಿಯವರ ಗೃಹಪ್ರವೇಶಕ್ಕೆ. ಅದರ ಕೆಳಗೆ... ಯಮುನಾ, ನಿವೃತ್ತ ಸ್ಟಾಫ್ ನರ್ಸ್, ಹಿರಿಯೂರು. ಕೊಟ್ರಮ್ಮನವರ ಮುಯ್ಯಿ ತೀರಿತು. ಒಂದು ಕೊಳಗ."

ಕೊಟ್ರಮ್ಮ ಸೆರಗು ಬಾಯಿಗೆ ಹಿಡಿದು ನಿಂತರು. ನಾಲ್ಕು ಜನದ ಮುಂದೆ ಓದಿಸಬೇಕು ಎಂದವರು ಅವರೇ, ನಾನೂರು ಜನರಿದ್ದರು.

ನಾನು ಊಟದ ಪಂಕ್ತಿಗೆ ಹೋಗಿ ಎಲೆಯ ಮುಂದೆ ಕೂತೆ. ಮುಯ್ಯಿ ಕೊಟ್ಟಿದ್ದೇನೆ, ಉಂಡೇ ಹೋಗುವುದು. ಹೋಳಿಗೆ ಬಡಿಸುವಷ್ಟರಲ್ಲಿ ಮಾರುತಿ ಬಂದು ಪಕ್ಕದಲ್ಲಿ ಬಗ್ಗಿದರು. ಸೊರಗಿದ್ದರು.

"ಕೊಳಗದ ಮೇಲೆ ನಿನ್ನ ಹೆಸರಿನ ಜೊತೆ ನಂದು ಬಿಟ್ಟೋಗೈತೆ," ಎಂದರು ಮೆಲ್ಲಗೆ.

"ಬಿಟ್ಟೋಗಿಲ್ಲ," ಎಂದೆ. "ನಾನೇ ಕೆತ್ತಿಸಿಲ್ಲ."